ಶಿಕ್ಕಾ ಬೀಳುವ ತನಕ



ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯೊಂದಿತ್ತು. ಸಾರ್ವಜನಿಕ ಸಭೆ ನಡೆಸುವವರು ಮೊದಲೇ ಸರ್ಕಾರದ ಪರವಾನಗಿ ಪಡೆಯಬೇಕು ಎಂಬುದು ಅದರ ತಿರುಳು. ಬೀದರ, ಭಾಲ್ಕಿ, ಔರಾದ್ ಮೂರೂ ಆಗ ಅದೇ ಸಂಸ್ಥಾನದ ಊರುಗಳು. ಉರುಸಿಗೆ ಜನ ಸೇರುತ್ತಿದ್ದರು, ಜಾತ್ರೆಗೆ ಸೇರುತ್ತಿದ್ದರು, ಸಂತೆಗೆ ಸೇರುತ್ತಿದ್ದರು. ತಮ್ಮ ಕಷ್ಟ ಹೇಳಿಕೊಳ್ಳಲಿಕ್ಕೆ ಸೇರಬೇಕೆಂದರೆ ಮಾತ್ರ ಅಪ್ಪಣೆ ಬೇಕಿತ್ತು.

ಇವತ್ತು ಬೀದರಿನ ಅಂಬೇಡ್ಕರ್ ವೃತ್ತದಲ್ಲಿ ಮೈಕು ಕಟ್ಟುವ ಹುಡುಗರಿಗೆ ಈ ಸುತ್ತೋಲೆಯ ಹೆಸರು ಗೊತ್ತಿರಲಿಕ್ಕಿಲ್ಲ. ಆದರೂ ಮೆರವಣಿಗೆಗೆ ಮುಂಚೆ ಅವರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕು. ಮೈಕಿಗೆ, ಹೋಗುವ ದಾರಿಗೆ, ಹೊರಡುವ ಹೊತ್ತಿಗೆ ಒಪ್ಪಿಗೆ ಕೇಳಬೇಕು. ನಿಷೇಧಾಜ್ಞೆ ಎಂದರೆ ಜನರ ಬಾಯಲ್ಲಿ ಇನ್ನೂ 144. ಕಾನೂನಿನ ಪುಸ್ತಕದಲ್ಲಿ 2024ರ ಜುಲೈ 1ರಿಂದ ಅದು 163 ಆಗಿದೆ. ಇದೇ ಬೀದರಿನಲ್ಲಿ 2020ರ ಜನವರಿಯಲ್ಲಿ ಮಕ್ಕಳ ಒಂದು ಶಾಲಾ ನಾಟಕ ರಾಜದ್ರೋಹದ ಪ್ರಕರಣವಾಯಿತು. ಒಬ್ಬ ಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲು ಕಂಡರು. ಹೈಕೋರ್ಟಿನ ಕಲಬುರಗಿ ಪೀಠ ಆ ಪ್ರಕರಣವನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಎಂದಮೇಲೆ ನಾಲ್ಕು ಜನರ ಎದುರು ನಿಂತು ಮಾತಾಡುವುದು ಈ ಜಿಲ್ಲೆಯಲ್ಲಿ ಅಂದೂ ಹಗುರದ ಕೆಲಸವಾಗಿರಲಿಲ್ಲ, ಇಂದೂ ಅಲ್ಲ.

ಅಪ್ಪಣೆ ಸಿಗದ ಕಾಲದಲ್ಲಿ ಜನ ಹೇಗೆ ಕೂಡುತ್ತಿದ್ದರು ಎಂದು ಕೇಳಿದರೆ ಭಾಲ್ಕಿಯವರು ಹಿರೇಮಠದ ಕಡೆ ಕೈ ಮಾಡುತ್ತಾರೆ. ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮನೆಮನೆಯ ಮಾತು. ಕಮಲನಗರ, ಭಾಲ್ಕಿಗಳಲ್ಲಿ ಅವರು ಶಾಲೆಗಳನ್ನು ಬೆಳೆಸಿದರು, ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎಬ್ಬಿಸಿದರು, 1999ರ ತನಕ ಬದುಕಿದ್ದರು. ನೂರು ದಾಟಿದ ಆ ಆಯುಷ್ಯದಲ್ಲಿ ನಿಜಾಮರ ಆಳ್ವಿಕೆಯೂ ಇತ್ತು, ಕರ್ನಾಟಕದ ಏಕೀಕರಣವೂ ಇತ್ತು. ಈಗ ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಅವರದೇ ಹೆಸರು. ಮಳೆ ಬಂದರೆ ಬಯಲಿನ ಸಮಾವೇಶಗಳು ಓಡಿ ಸೇರುವುದೂ ಅಂಥ ಸೂರುಗಳ ಕೆಳಗೇ.

1948ರ ನೆನಪನ್ನು ದಾಟಿ ಈ ಜಿಲ್ಲೆಯ ಯಾವ ಸಭೆಯ ಬಗ್ಗೆಯೂ ಮಾತಾಡಲಾಗದು. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ಊರವರನ್ನು ಕೊಂದರು. ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಬೀದರಿನ ಹೆಸರನ್ನೂ ಬರೆಯಿತು. ಎರಡೂ ಕಡೆಯ ಅಜ್ಜಂದಿರಿಗೆ ಎರಡೂ ಗೊತ್ತಿತ್ತು. ಮೊಮ್ಮಕ್ಕಳಿಗೆ ತಮಗೆ ಬೇಕಾದ ಅರ್ಧವಷ್ಟೇ ಗೊತ್ತು. ಹೀಗಾಗಿ ಜಾತಿ ಧರ್ಮ ಕೂಡಿಸಿ ಒಂದು ಮೋರ್ಚಾ ತೆಗೆಯುತ್ತೇವೆ ಎಂದು ಇಲ್ಲಿ ಯಾರಾದರೂ ಹೊರಟರೆ, ಅವರು ಮೊದಲು ಮಾಡಬೇಕಾದದ್ದು ಈ ಹಳೆಯ ಅಂಜಿಕೆಯ ಜೊತೆ ಮಾತುಕತೆ.

ಇನ್ನೊಂದು ತೊಡಕು ನಕ್ಷೆಯದು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಕಡೆಯ ಭಾಗ ಮುಂಬಯಿ ರಾಜ್ಯಕ್ಕೆ ಹೋಯಿತು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ನೆಂಟಸ್ತಿಕೆ, ಕೂಲಿ, ಸಂತೆ ಮಾತ್ರ ಹಾಗೇ ಉಳಿದವು. ಔರಾದ್ ತಾಲ್ಲೂಕಿನ ಹಳ್ಳಿಯ ಸಭೆಯಲ್ಲಿ ಭಾಷಣ ಕನ್ನಡದಲ್ಲಿ ಶುರುವಾಗುತ್ತದೆ, ಉದಾಹರಣೆ ಮರಾಠಿಯಲ್ಲಿ ಬರುತ್ತದೆ, ಬೈಗುಳ ಉರ್ದುವಿನಲ್ಲಿ, ತಾಂಡಾದಿಂದ ಬಂದ ಹೆಣ್ಣುಮಕ್ಕಳ ಗುಸುಗುಸು ಲಂಬಾಣಿಯಲ್ಲಿ. ‘ಬೇಕೇ ಬೇಕು, ನ್ಯಾಯ ಬೇಕು’ ಎಂದು ಒಬ್ಬ ಕೂಗಿದರೆ ಅದರ ಬೆನ್ನಿಗೇ ‘ಇಂಕಿಲಾಬ್ ಜಿಂದಾಬಾದ್’ ಏಳುತ್ತದೆ. ಒಂದೇ ಭಾಷೆಯ ಕರಪತ್ರ ಹಂಚಿದ ಸಂಘಟಕ ಅರ್ಧ ಊರನ್ನು ಮನೆಯಲ್ಲೇ ಬಿಟ್ಟು ಬಂದ ಹಾಗೆ.

ಪತ್ರಿಕೆಗಳಿಗೆ ಸಿಗುವುದು ಮೆರವಣಿಗೆಯ ಕೊನೆಯ ಒಂದು ತಾಸು. ಅದಕ್ಕೆ ಮುಂಚಿನ ತಿಂಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಘಟಕರು ಮೊದಲು ನೋಡುವುದು ಪಂಚಾಂಗವನ್ನಲ್ಲ, ಹೊಲವನ್ನು. ಸೋಯಾ ರಾಶಿಯ ಹೊತ್ತಿನಲ್ಲಿ ಯಾರೂ ಬರುವುದಿಲ್ಲ. ತೊಗರಿ ಕೊಯ್ಲಿಗೂ ಬರುವುದಿಲ್ಲ. ಔರಾದ್ ಕಡೆಯ ತಾಂಡಾಗಳಲ್ಲಿ ಎಷ್ಟೋ ಮನೆಗಳಿಗೆ ದೀಪಾವಳಿ ಮುಗಿದ ಮೇಲೆ ಬೀಗ. ಮನೆಯವರೆಲ್ಲ ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡಗಳ ಮೇಲೆ ಅಥವಾ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ. ಹಬ್ಬ, ಜಾತ್ರೆ, ಮದುವೆಗೆ ಅವರು ಊರಿಗೆ ಬಂದಾಗಲೇ ಸಭೆ ಇಡಬೇಕು. ಏಪ್ರಿಲ್ 14ರ ಭೀಮ ಜಯಂತಿಯ ಆಸುಪಾಸಿನಲ್ಲಿ ಇಷ್ಟೊಂದು ಸಮಾವೇಶಗಳು ಆಗುವುದಕ್ಕೆ ಭಕ್ತಿಯ ಜೊತೆಗೆ ಈ ಲೆಕ್ಕವೂ ಕಾರಣ.

ಆಮೇಲೆ ಓಣಿ ಸಭೆ. ಸಮುದಾಯ ಭವನದ ಕಟ್ಟೆ, ಬೇವಿನ ಮರ, ಬುದ್ಧ ವಿಹಾರದ ಅಂಗಳ, ಎಲ್ಲಾದರೂ ಸರಿ, ರಾತ್ರಿ ಊಟವಾದ ಮೇಲೆ.

“ಯಕ್ಕಾ, ಸೋಮವಾರ ಬೀದರಿಗಿ ಬರಬೇಕ್ ನೋಡು.”

“ಬಂದ್ರ ಆ ದಿನದ ಕೂಲಿ ಯಾರ್ ಕುಡ್ತಾರಪ್ಪ?”

ಈ ಪ್ರಶ್ನೆಗೆ ಉತ್ತರವಿಲ್ಲದವನು ಸಂಘಟಕನಾಗಲಾರ. ಪಕ್ಷಗಳ ಸಮಾವೇಶಕ್ಕೆ ವಾಹನ, ಊಟ, ಕೈಗಿಷ್ಟು ದುಡ್ಡು ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಸಂಘದವರು ಕೊಡಬಲ್ಲದ್ದು ಹೆಚ್ಚೆಂದರೆ ಪಾವ್ ಭಾಜಿ ಇಲ್ಲವೇ ಪಲಾವ್. ಹೀಗಿರುವಾಗ ಆ ಹೆಣ್ಣುಮಗಳು ಕೂಲಿ ಬಿಟ್ಟು ಬಂದಳೆಂದರೆ ಅವಳಿಗೆ ಆ ವಿಷಯ ತನ್ನದು ಅನ್ನಿಸಿದೆ ಎಂದರ್ಥ: ಸ್ಮಶಾನಕ್ಕೆ ಜಾಗ, ಮನೆಯ ಹಕ್ಕುಪತ್ರ, ನಿಂತುಹೋದ ಪಿಂಚಣಿ, ಕೇರಿಗೆ ಬಾರದ ನಲ್ಲಿ ನೀರು. ‘ಸಾಮಾಜಿಕ ನ್ಯಾಯ’ ಎಂಬ ಮಾತು ಬ್ಯಾನರಿನ ಮೇಲಿರುತ್ತದೆ. ಓಣಿ ಸಭೆಯಲ್ಲಿ ಅದನ್ನು ಆಡಿದವರು ಕಡಿಮೆ.

ಬಸ್ಸಿನ ವಿಷಯ ಬೇರೆಯಾಗಿಯೇ ಹೇಳಬೇಕು. ಭಾಲ್ಕಿಯೂ ಔರಾದೂ ಬೀದರಿನಿಂದ ಸುಮಾರು 40 ಕಿಲೋಮೀಟರ್ ದೂರ. ಭಾಲ್ಕಿಗೆ, ಕಮಲನಗರಕ್ಕೆ ರೈಲುಂಟು. ಔರಾದ್ ಪಟ್ಟಣಕ್ಕೆ ಇಲ್ಲ. ಟಂಟಂ, ಜೀಪು, ಗೂಡ್ಸ್ ಗಾಡಿಗೆ ಚಂದಾ ಎತ್ತುವುದರಲ್ಲೇ ಸಂಘಗಳ ಅರ್ಧ ಶಕ್ತಿ ಸೋರಿ ಹೋಗುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಆಧಾರ್ ಕಾರ್ಡು ತೋರಿಸಿದ ಹೆಣ್ಣುಮಗಳು ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಪುಕ್ಕಟೆ ಬೀದರಿಗೆ ಬರಬಲ್ಲಳು. ಯೋಜನೆ ರೂಪಿಸಿದವರು ದೇವಸ್ಥಾನ, ಆಸ್ಪತ್ರೆ, ಕೆಲಸದ ಮಾತಾಡಿದ್ದರು. ಧರಣಿಯ ಮಾತು ಅವರ ಮನಸ್ಸಿನಲ್ಲಿ ಇದ್ದಿರಲಾರದು. ಅಂಗನವಾಡಿ, ಆಶಾ, ಬಿಸಿಯೂಟದ ಕಾರ್ಯಕರ್ತೆಯರ ಸಂಘಗಳಿಗೆ ಮಾತ್ರ ಇದರ ಬೆಲೆ ಚೆನ್ನಾಗಿ ಗೊತ್ತು. ರಾಜ್ಯದ ಗಡಿ ದಾಟುವ ಬಸ್ಸಿನಲ್ಲಿ ಈ ಸೌಲಭ್ಯ ನಡೆಯದು. ಉದಗೀರದಲ್ಲಿ ಕೂತ ತಂಗಿಯನ್ನು ಬೀದರಿನ ಮೋರ್ಚಾಕ್ಕೆ ಕರೆದರೆ ಅವಳು ದುಡ್ಡು ಕೊಟ್ಟೇ ಬರಬೇಕು.

ಬೀದರಿನ ಸಂಘಟನೆಗಳ ಸ್ವಭಾವ ತಿಳಿಯಬೇಕಾದರೆ ಎರಡು ದಿಕ್ಕಿನ ಗಾಳಿಯನ್ನು ಗಮನಿಸಬೇಕು. ಒಂದು ಪಶ್ಚಿಮದ್ದು. 1941ರ ಫೆಬ್ರುವರಿಯಲ್ಲಿ ಅಂಬೇಡ್ಕರರು ಈಗಿನ ಧಾರಾಶಿವ ಜಿಲ್ಲೆಯ ಕಸಬೆ ತಡವಳೆಯಲ್ಲಿ ಮಹಾರ್ ಮತ್ತು ಮಾಂಗ್ ವತನದಾರರ ಪರಿಷತ್ತಿಗೆ ಬಂದಿದ್ದರು. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕೆಂಬ ನಾಮಾಂತರ ಚಳವಳಿ 1978ರಿಂದ 1994ರ ತನಕ ಉರಿಯಿತು. ನಾಂದೇಡ, ಲಾತೂರು ಕಡೆ ನೆಂಟರಿದ್ದ ಭಾಲ್ಕಿ, ಔರಾದಿನ ಮನೆಗಳಿಗೆ ಅದು ಪರರಾಜ್ಯದ ಸುದ್ದಿಯಾಗಿರಲಿಲ್ಲ. ಪಕ್ಕದ ಗುಲ್ಬರ್ಗದಲ್ಲಿ 1968ರಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು; ದಲಿತರು ಮತ್ತು ಮುಸ್ಲಿಮರು ಒಂದಾಗಬೇಕು ಎಂಬುದು ಅವರ ಬದುಕಿನುದ್ದದ ವಾದವಾಗಿತ್ತು. ಇನ್ನೊಂದು ಗಾಳಿ ದಕ್ಷಿಣದ್ದು. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಮೊಳೆತ ದಲಿತ ಸಂಘರ್ಷ ಸಮಿತಿ ತನ್ನ ಹಲಗೆ, ಹೋರಾಟದ ಹಾಡು, ರಾತ್ರಿಯ ಶಿಬಿರಗಳೊಂದಿಗೆ ಉತ್ತರಕ್ಕೆ ಏರಿ ಬಂತು. ಸಿದ್ಧಲಿಂಗಯ್ಯನವರ ಹಾಡುಗಳೂ ಮರಾಠಿ ಭೀಮಗೀತೆಗಳೂ ಒಂದೇ ವೇದಿಕೆಯಲ್ಲಿ ಕೇಳಿಸುವ ಜಿಲ್ಲೆಗಳು ಕರ್ನಾಟಕದಲ್ಲಿ ಬಹಳ ಇರಲಾರವು.

ಇವೆರಡರ ಜೊತೆಗೆ ಊರ ಮಣ್ಣಿನದೇ ಮೂರನೆಯದೊಂದಿದೆ, ಶರಣರದು. ಹನ್ನೆರಡನೆಯ ಶತಮಾನದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಬೀದರಿನ ವೇದಿಕೆಯ ಮೇಲೆ ಬಸವಣ್ಣನವರ ಪಟವೂ ಬಾಬಾಸಾಹೇಬರ ಪಟವೂ ಅಕ್ಕಪಕ್ಕ ನಿಲ್ಲುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಪಟಗಳು ಕೂಡಿದಷ್ಟು ಸುಲಭವಾಗಿ ಊರೊಳಗೆ ಕೇರಿಗಳು ಕೂಡಿಲ್ಲ ಎಂದು ಹಳೆಯ ಕಾರ್ಯಕರ್ತರು ಗೊಣಗುವುದೂ ಉಂಟು, ಅದು ಸುಳ್ಳಲ್ಲ.

ಈ ಶರಣ ಪರಂಪರೆಯಿಂದಲೇ ಇತ್ತೀಚಿನ ದೊಡ್ಡ ಸಮಾವೇಶವೊಂದು ಎದ್ದಿತು. 2017ರ ಜುಲೈ 19ರಂದು ಬೀದರಿನಲ್ಲಿ ಲಿಂಗಾಯತ ಸ್ವತಂತ್ರ ಧರ್ಮದ ಮಾನ್ಯತೆ ಕೇಳಿ ನಡೆದ ರ‍್ಯಾಲಿಗೆ ಬಂದ ಜನಸಾಗರ ರಾಜ್ಯವನ್ನೇ ತಿರುಗಿ ನೋಡುವಂತೆ ಮಾಡಿತು. ಭಾಲ್ಕಿ ಹಿರೇಮಠದ ಬಸವಲಿಂಗ ಪಟ್ಟದ್ದೇವರೂ ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಮುಂದೆ ಬೆಳಗಾವಿ, ಕಲಬುರಗಿಗಳಲ್ಲೂ ಅಂಥವೇ ರ‍್ಯಾಲಿಗಳಾದವು. ಸರ್ಕಾರ ಆ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ ರಚಿಸಿತು, 2018ರ ಮಾರ್ಚ್ 19ರಂದು ಸಚಿವ ಸಂಪುಟ ಶಿಫಾರಸು ಒಪ್ಪಿ ದೆಹಲಿಗೆ ಕಳಿಸಿತು, ಕೇಂದ್ರ ಒಪ್ಪಲಿಲ್ಲ. ಎಂಟು ತಿಂಗಳಲ್ಲಿ ಬೀದಿಯಿಂದ ಸಂಪುಟದ ಮೇಜಿಗೆ ಹೋದ ಬೇಡಿಕೆ ಅಲ್ಲಿಂದ ಮುಂದೆ ನಿಂತುಬಿಟ್ಟಿತು. ಮಠ, ಮಂತ್ರಿ, ಹಣ, ವಾಹನ ಎಲ್ಲ ಇದ್ದ ಚಳವಳಿಯ ಗತಿಯೇ ಇದು. ಇವೊಂದೂ ಇಲ್ಲದವರ ಕಾಗದ ಎಷ್ಟು ದೂರ ಹೋಗುತ್ತದೆ ಎಂದು ಕೇಳುವುದು ನ್ಯಾಯವೇ.

ಹೋಗುತ್ತದೆ, ಕೆಲವೊಮ್ಮೆ. ಮೆರವಣಿಗೆ ಎಷ್ಟೇ ಉದ್ದವಿರಲಿ, ಕೊನೆಗೆ ಅದು ಜಿಲ್ಲಾಧಿಕಾರಿ ಕಚೇರಿಯ ಎದುರು ಒಂದು ಹಾಳೆಯಾಗುತ್ತದೆ. ಅದಕ್ಕೆ ಮನವಿ ಪತ್ರ ಎಂದು ಹೆಸರು. ಅಧಿಕಾರಿ ಹೊರಬಂದು ಅದನ್ನು ತೆಗೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ, ಜನ ಚೆದುರುತ್ತಾರೆ. ಅನುಭವಿ ಸಂಘಟಕ ಆಗ ಫೋಟೊದಲ್ಲಿ ಇರುವುದಿಲ್ಲ. ಅವನು ಒಳಗೆ ಟಪಾಲು ವಿಭಾಗದಲ್ಲಿ ನಿಂತು ತನ್ನ ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಳ್ಳುತ್ತಿರುತ್ತಾನೆ. ದಿನಾಂಕ, ಸ್ವೀಕೃತಿ ಸಂಖ್ಯೆ, ಸಹಿ. ಅದಿದ್ದರೆ ಮುಂದಿನ ತಿಂಗಳು ಬಂದು ‘ನಮ್ಮ ಕಾಗದ ಎಲ್ಲಿಗೆ ಬಂತು?’ ಎಂದು ಕೇಳಬಹುದು. ಇಲ್ಲದಿದ್ದರೆ ಮೆರವಣಿಗೆಯೇ ನಡೆದಿಲ್ಲ ಎಂದೂ ಹೇಳಿಯಾರು.

ಈ ಪಾಠವನ್ನು ಬೀದರಿನ ಬಡವರಿಗೆ ಚೆನ್ನಾಗಿ ಕಲಿಸಿದ್ದು ಉದ್ಯೋಗ ಖಾತ್ರಿ. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆ ಕಾಯ್ದೆ ಜಾರಿಗೆ ಬಂದಾಗ ಕರ್ನಾಟಕದಿಂದ ಸೇರಿದ್ದು ಐದೇ ಜಿಲ್ಲೆ, ಬೀದರ ಅದರಲ್ಲೊಂದು. ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಡಬೇಕಿತ್ತು, ಪಂಚಾಯಿತಿ ದಿನಾಂಕವಿರುವ ರಸೀದಿ ಕೊಡಬೇಕಿತ್ತು, 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಸಿಗಬೇಕಿತ್ತು. ಇಡೀ ಹಕ್ಕು ನಿಂತದ್ದು ಆ ರಸೀದಿಯ ಮೇಲೆ. ಅದಕ್ಕಾಗಿಯೇ ಎಷ್ಟೋ ಕಡೆ ರಸೀದಿ ಕೊಡುತ್ತಿರಲಿಲ್ಲ. ಒಬ್ಬರೇ ಹೋಗಿ ಕೇಳಿದರೆ ‘ನಾಳೆ ಬಾ’, ಮೂವತ್ತು ಹೆಂಗಸರು ಪಂಚಾಯಿತಿ ಮೆಟ್ಟಿಲ ಮೇಲೆ ಕೂತರೆ ಶಿಕ್ಕಾ. ಸಂಘ ಏಕೆ ಬೇಕು ಎಂದು ಉಪನ್ಯಾಸ ಮಾಡುವ ಅಗತ್ಯವೇ ಬೀಳಲಿಲ್ಲ.

ಭೂಮಿಯ ವಿಷಯದಲ್ಲೂ ಇದೇ ಕಥೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ, ಮಾಡಿದ್ದರೆ ಮೂಲದವರಿಗೆ ವಾಪಸು ಎಂದು 1978ರ ಕಾಯ್ದೆ ಹೇಳಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಹಳ್ಳಿಯವರೂ ‘ಪಿಟಿಸಿಎಲ್’ ಎನ್ನುತ್ತಾರೆ. ಎಷ್ಟೋ ವರ್ಷ ತಡವಾಗಿ ಬಂದ ಅರ್ಜಿಗಳು ನಿಲ್ಲವು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ರಾಜ್ಯದಾದ್ಯಂತ ಸಾಲುಸಾಲು ಪ್ರಕರಣಗಳು ಬಿದ್ದುಹೋದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ ಕಾಲಮಿತಿ ತೆಗೆಯಿತು. ಧರಣಿ ಕೂತವರ ಹೆಸರು ಆ ತಿದ್ದುಪಡಿಯ ಯಾವ ಸಾಲಿನಲ್ಲೂ ಇಲ್ಲ.

ತಾಂಡಾಗಳ ಹಕ್ಕುಪತ್ರದ ಮಾತೂ ಇಲ್ಲೇ ಬರಬೇಕು. ಕಂದಾಯ ಗ್ರಾಮದ ದಾಖಲೆ ಇಲ್ಲದ ತಾಂಡಾ, ಹಟ್ಟಿ, ವಾಡಿಗಳಲ್ಲಿ ತಲೆಮಾರುಗಳಿಂದ ವಾಸವಿದ್ದವರಿಗೆ ಮನೆ ಇತ್ತು, ಮನೆಯ ಕಾಗದ ಇರಲಿಲ್ಲ. ಬ್ಯಾಂಕಿಗೆ ಹೋದರೆ ಸಾಲವಿಲ್ಲ, ಪಂಚಾಯಿತಿಗೆ ಹೋದರೆ ಖಾತೆಯಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆಯಾಯಿತು. ಬೇಡಿಕೆ ದಶಕಗಳದ್ದು, ಅಧಿಕಾರದಲ್ಲಿದ್ದವರಿಗೆ ಸಿಕ್ಕಿದ್ದು ಚುನಾವಣೆಯ ವರ್ಷದ ವೇದಿಕೆ. ಹಕ್ಕುಪತ್ರ ಕೈಗೆ ಬಂದವರು ಇದಕ್ಕೆ ತಲೆ ಕೆಡಿಸಿಕೊಂಡಂತಿಲ್ಲ.

ಶಿಕ್ಕಾ ಬಿದ್ದೂ ಕಾಗದ ನಡೆಯದ ಉದಾಹರಣೆ ಬೇಕೇ? ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಮಾಂಜ್ರಾದ ಉಪನದಿಗೆ ಕಟ್ಟಿದ ಕಾರಂಜಾ ಜಲಾಶಯವನ್ನು ನೋಡಬೇಕು. ಬೀದರ ನಗರದ ನಲ್ಲಿಗೂ ಅದೇ ನೀರು. ಆ ಜಲಾಶಯಕ್ಕೆ 28 ಹಳ್ಳಿಗಳ ರೈತರು ಜಮೀನು ಕಳೆದುಕೊಂಡರು. ಕೋರ್ಟಿಗೆ ಹೋದವರಿಗೆ ಒಂದು ಪರಿಹಾರ, ಹೋಗದವರಿಗೆ ಪುಡಿಗಾಸು ಎಂಬುದು ಸಂತ್ರಸ್ತರ ದೂರು. ಅಕ್ಕಪಕ್ಕದ ಹೊಲ, ಒಂದೇ ಕರಿಮಣ್ಣು, ಎರಡು ಬೆಲೆ. ವಕೀಲರ ಖರ್ಚು ತಡೆಯಬಲ್ಲವನ ಹೊಲಕ್ಕೆ ಹೆಚ್ಚು, ತಡೆಯಲಾರದವನ ಹೊಲಕ್ಕೆ ಕಡಿಮೆ. 2022ರಲ್ಲಿ ಅವರು ಬೀದರಿನ ಜಿಲ್ಲಾಧಿಕಾರಿ ಕಚೇರಿ ಎದುರು ಅಹೋರಾತ್ರಿ ಧರಣಿಗೆ ಕೂತರು. ಅದು ವಾರದಲ್ಲಿ ಮುಗಿಯಲಿಲ್ಲ, ವರ್ಷ ದಾಟಿತು. ಸರ್ಕಾರ ಬದಲಾಯಿತು, ಟೆಂಟು ಬದಲಾಗಲಿಲ್ಲ. ಜಮೀನು ಕೊಟ್ಟಾಗ ಹರೆಯದಲ್ಲಿದ್ದವರು ಈಗ ಕೋಲು ಹಿಡಿದು ಬಂದು ಕೂರುವ ವಯಸ್ಸಿನವರು. ಇಂಥ ಧರಣಿಗೆ ಘೋಷಣೆ ಕೂಗುವ ಗಂಟಲಿಗಿಂತ ಪಾಳಿ ಹಾಕುವ ನೋಟ್‌ಬುಕ್ ಹೆಚ್ಚು ಮುಖ್ಯ: ಇವತ್ತು ಯಾವ ಊರವರು, ನಾಳೆ ಯಾವ ಊರವರು, ಚಹಾದ ಖರ್ಚು ಯಾರದು. ಆಂದೋಲನದ ಚರಿತ್ರೆ ಬರೆಯುವವರು ಈ ನೋಟ್‌ಬುಕ್ಕುಗಳನ್ನು ಹುಡುಕುವುದು ಒಳ್ಳೆಯದು.

ಪ್ರಾದೇಶಿಕ ನ್ಯಾಯದ ಹೋರಾಟವಂತೂ ಎಲ್ಲರಿಗೂ ಗೊತ್ತು. ವೈಜನಾಥ ಪಾಟೀಲರ ಮುಂದಾಳತ್ವದಲ್ಲಿ ವರ್ಷಾನುಗಟ್ಟಲೆ ಬಂದ್, ಧರಣಿ ನಡೆದು, 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, ಈ ಭಾಗಕ್ಕೆ ವಿಶೇಷ ಸ್ಥಾನದ 371(ಜೆ) ವಿಧಿ ಬಂತು. ಅದರ ಫಲ ಬೀದರ ನಗರದ ಓದಿದ ಮನೆಗಳಿಗೆ ಬೇಗ ತಲುಪಿತು. ಔರಾದಿನ ತಾಂಡಾಕ್ಕೆ ಎಷ್ಟು ತಲುಪಿತು ಎಂಬ ಪ್ರಶ್ನೆಯನ್ನು ಹೋರಾಟಗಾರರೇ ಈಗ ಎತ್ತುತ್ತಿದ್ದಾರೆ.

ನ್ಯಾಯದ ಬೇಡಿಕೆಗಳು ಒಂದಕ್ಕೊಂದು ಎದುರು ನಿಂತಾಗ ಏನು ಮಾಡಬೇಕು? ಇದು ಸದ್ಯ ಬೀದರಿನ ಸಂಘಟಕರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ಭಾಲ್ಕಿ, ಔರಾದ್ ಕಡೆ ಆಗಸ್ಟ್ 1ರಂದು ಅಣ್ಣಾಭಾವು ಸಾಠೆ ಜಯಂತಿಯ ಮೆರವಣಿಗೆ ಹೊರಡುತ್ತದೆ. 1920ರಲ್ಲಿ ಸಾಂಗಲಿ ಜಿಲ್ಲೆಯ ವಾಟೇಗಾಂವಿನಲ್ಲಿ ಹುಟ್ಟಿದ ಆ ಲೇಖಕ, ಶಾಹಿರ ಮಾಂಗ ಸಮುದಾಯದವರು; ಗಡಿಯ ಈಚೆಗಿನ ಮಾದಿಗರಿಗೆ ಅವರು ನಮ್ಮವರು. 2024ರಲ್ಲಿ ಅದೇ ಆಗಸ್ಟ್ 1ರಂದು, ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. 2005ರಲ್ಲಿ ನೇಮಕವಾಗಿ 2012ರಲ್ಲಿ ಒಳಮೀಸಲಾತಿಯ ವರದಿ ಕೊಟ್ಟ ಸದಾಶಿವ ಆಯೋಗದ ಕಡತ ಹಿಡಿದು ವರ್ಷಗಟ್ಟಲೆ ತಮಟೆ ಬಾರಿಸಿದವರಿಗೆ ಅದು ಎರಡು ಹಬ್ಬ ಒಂದೇ ದಿನ ಬಂದ ಹಾಗಾಯಿತು. 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಕೂಡಲೇ ಶೇ 5ರ ಪಾಲಿನೊಳಗೆ ಸೇರಿದ ಬಂಜಾರರೂ ಅಲೆಮಾರಿಗಳೂ ರಾಜ್ಯದ ಹಲವೆಡೆ ಬೀದಿಗಿಳಿದರು.

ಔರಾದಿನಂಥ ತಾಲ್ಲೂಕಿನಲ್ಲಿ ಇದರ ಅರ್ಥ ಸ್ಪಷ್ಟ. ನಿನ್ನೆ ಒಟ್ಟಿಗೆ ಉದ್ಯೋಗ ಖಾತ್ರಿಯ ಕೂಲಿ ಕೇಳಿದ ಮಾದಿಗ ಕೇರಿ, ಹೊಲೆಯ ಕೇರಿ, ಲಂಬಾಣಿ ತಾಂಡಾ ಇವತ್ತು ಬೇರೆ ಬೇರೆ ಮನವಿ ಪತ್ರ ಬರೆಯುತ್ತಿವೆ. ಕೆಲವರು ಇದನ್ನು ಒಡಕು ಎಂದು ಕೊರಗುತ್ತಾರೆ. ಅಷ್ಟು ಸರಳವಲ್ಲ. ದನಿ ಇಲ್ಲದೆ ಒಗ್ಗಟ್ಟಿನೊಳಗೆ ಕೂತವರು ತಮ್ಮ ಪಾಲು ಕೇಳಿದ್ದನ್ನು ಒಡಕು ಎನ್ನುವ ಹಕ್ಕು, ಆ ಒಗ್ಗಟ್ಟಿನ ಮುಂದಿನ ಸಾಲಿನಲ್ಲಿ ಕೂತವರಿಗೆ ಇರಲಾರದು. ಹಾಗೆಂದು ಕೂಲಿ, ಸ್ಮಶಾನ, ನೀರಿನ ಪ್ರಶ್ನೆಗಳು ಈ ಗಲಾಟೆಯಲ್ಲಿ ಹಿಂದೆ ಬಿದ್ದಿವೆ ಎಂಬುದೂ ನಿಜ. ಅವಕ್ಕೆ ಜಾತಿಯ ಬ್ಯಾನರ್ ಇಲ್ಲ, ಜಯಂತಿಯ ದಿನಾಂಕವಿಲ್ಲ.

ಜಯಂತಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವು ದೊಡ್ಡದಾಗುತ್ತಿವೆ, ಡಿಜೆ ದೊಡ್ಡದಾಗುತ್ತಿದೆ, ಚಂದಾ ದೊಡ್ಡದಾಗುತ್ತಿದೆ. ಹಲಗೆ ಬಾರಿಸುತ್ತಿದ್ದವರು ಡಿಜೆಯ ಹಿಂದೆ ಕುಣಿಯುತ್ತಿದ್ದಾರೆ. ಒಂದು ಹರೆಯದ ಪೀಳಿಗೆ ಹೆಮ್ಮೆಯಿಂದ ಊರಿನ ಮುಖ್ಯ ಬೀದಿಯಲ್ಲಿ, ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಬೀದಿಯಲ್ಲಿ, ಕುಣಿಯುವುದನ್ನು ತಪ್ಪೆನ್ನಲಾಗದು. ಆದರೆ ಮರುದಿನ ಟಪಾಲು ವಿಭಾಗದಲ್ಲಿ ನಿಲ್ಲಲು ಅವರಲ್ಲಿ ಎಷ್ಟು ಜನ ಸಿಗುತ್ತಾರೆ ಎಂಬುದು ಹಿರಿಯರ ಅಳಲು.

ಸರ್ಕಾರವೂ ಈಗ ಸಮಾವೇಶಗಳಲ್ಲಿ ಹಿಂದೆ ಬಿದ್ದಿಲ್ಲ. 2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನಕ್ಕೆಂದು, ಬಸವಕಲ್ಯಾಣದಿಂದ ಚಾಮರಾಜನಗರದ ತನಕ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ ಹೆಣೆಯಲಾಯಿತು. ಶಾಲೆ ಮಕ್ಕಳು, ನೌಕರರು, ಸಂಘಗಳವರು ಕೈ ಕೈ ಹಿಡಿದು ಸಂವಿಧಾನದ ಪ್ರಸ್ತಾವನೆ ಓದಿದರು. ನೋಡಲು ಚೆಂದವಿತ್ತು. ಅದೇ ಸರ್ಕಾರದ ಕಚೇರಿಗಳ ಎದುರು ಅದೇ ಸಂವಿಧಾನ ಹಿಡಿದು ಧರಣಿ ಕೂತವರಿಗೂ ಅಷ್ಟೇ ಅಚ್ಚುಕಟ್ಟಾದ ನೀರು, ನೆರಳಿನ ವ್ಯವಸ್ಥೆ ಸಿಕ್ಕಿದ್ದರೆ ಇನ್ನೂ ಚೆಂದವಿತ್ತು.

ಬಾನುಲಿಯಲ್ಲಿ ಕೂತು ಮಾತಾಡುವಾಗ ಜಹೀರಾಬಾದನ್ನು ಬಿಡಲಾಗದು. 1956ರ ತನಕ ಅದು ಬೀದರ ಜಿಲ್ಲೆಯದೇ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯವರು ಹಳ್ಳಿಹಳ್ಳಿಯಲ್ಲಿ ಬಡ ದಲಿತ ಹೆಣ್ಣುಮಕ್ಕಳ ಸಂಘ ಕಟ್ಟಿದರು. ಅದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಹೋದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಲ್ಲಿನ ಮೆರವಣಿಗೆ ಎತ್ತಿನ ಗಾಡಿಗಳದು. ಸಂಕ್ರಾಂತಿಯಿಂದ ಸುಮಾರು ಒಂದು ತಿಂಗಳು ಸಿಂಗರಿಸಿದ ಗಾಡಿಗಳಲ್ಲಿ ನವಣೆ, ಸಾವೆ, ಜೋಳ, ತೊಗರಿಯ ನಾಟಿ ಬೀಜಗಳನ್ನು ಇಟ್ಟುಕೊಂಡು ಅವರು ಊರೂರು ತಿರುಗುತ್ತಾರೆ. ಪ್ರತಿ ಊರಿನಲ್ಲೂ ಸಭೆ, ರೈತರೊಂದಿಗೆ ಚರ್ಚೆ, ಊಟ. 2008ರಲ್ಲಿ ಮಾಚನೂರಿನಲ್ಲಿ ಆ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೊ ಶುರುವಾಯಿತು. ದಲಿತ ಹೆಣ್ಣುಮಕ್ಕಳು ತಾವೇ ಮೈಕು ಹಿಡಿದು, ತಾವೇ ರೆಕಾರ್ಡ್ ಮಾಡಿ, ತಮ್ಮ ಆಡುಮಾತಿನಲ್ಲೇ ಬಿತ್ತರಿಸುವ ಬಾನುಲಿ ಅದು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಬಂತು. ಬೀದರಿನಿಂದ ಒಂದು ತಾಸಿನ ದಾರಿ. ಔರಾದ್ ಕಡೆಯ ಸಂಘದವರು ಅಲ್ಲಿಗೆ ಹೋಗಿ ಕಲಿತು ಬರುವಂಥದ್ದು ಬಹಳವಿದೆ, ಅದರಲ್ಲೂ ವೇದಿಕೆಯ ಮೇಲೆ ಗಂಡಸರ ಸಾಲೇ ಕಾಣಿಸುವ ಇಲ್ಲಿನ ಸಮಾವೇಶಗಳ ಸಂಘಟಕರು.

ಈಚೆಗೆ ಬೀದರ, ಭಾಲ್ಕಿ, ಔರಾದ್ ತಾಲ್ಲೂಕುಗಳ ಹೊಸ ಹುಡುಗ ಹುಡುಗಿಯರ ಕೈಗೆ ಬಂದಿರುವ ಹತಾರ ಎರಡು. ಮೊದಲನೆಯದು ಗ್ರಾಮಸಭೆ. ಕಾನೂನೇ ಕರೆಯುವ ಸಭೆ ಅದು. ಪೊಲೀಸರ ಪರವಾನಗಿ ಬೇಡ, ಚಂದಾ ಬೇಡ, ಟಂಟಂ ಬೇಡ. ಹೆಣ್ಣುಮಕ್ಕಳೂ ಪರಿಶಿಷ್ಟರೂ ಅದರಲ್ಲಿ ಇರಲೇಬೇಕು ಎಂಬ ನಿಯಮವಿದೆ. ಡಂಗುರ ಸಾರದೆ, ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಸಭೆ ಆಯಿತೆಂದು ಬರೆಯುವ ಚಾಳಿ ಇರುವ ಕಡೆ, ‘ನಡಾವಳಿ ಪುಸ್ತಕ ತೋರಿಸಿ’ ಎಂದು ಕೇಳುವ ಒಬ್ಬಳು ಓದಿದ ಸೊಸೆ ಊರಿಗೆ ಬಂದರೂ ಸಾಕು, ಪಂಚಾಯಿತಿ ಎಚ್ಚರವಾಗುತ್ತದೆ. ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಷರತ್ತಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ವೇದಿಕೆ ಸಿಕ್ಕರೆ ತಾಸುಗಟ್ಟಲೆ ಮಾತಾಡುವ ನಾಯಕರಿಗೆ ಇದು ಕಷ್ಟ. ಓಣಿಯ ಹುಡುಗಿಯರು ಬೇಗ ಕಲಿತಿದ್ದಾರೆ. ಸ್ಮಶಾನದ ಜಾಗದ ಸರ್ವೆ ನಂಬರು ಯಾವುದು, ವಿಸ್ತೀರ್ಣ ಎಷ್ಟು, ಒತ್ತುವರಿಯ ಬಗ್ಗೆ ತಹಶೀಲ್ದಾರರು ತೆಗೆದುಕೊಂಡ ಕ್ರಮ ಏನು, ಇಷ್ಟೇ ಬರೆದು, ಎರಡು ಪ್ರತಿ ಮಾಡಿ, ಒಂದನ್ನು ಒಳಗೆ ಕೊಟ್ಟು ಇನ್ನೊಂದರ ಮೇಲೆ ಶಿಕ್ಕಾ ಒತ್ತಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಾರೆ.